ಮಂಡಿಚಿಪ್ಪನ್ನು ಮಗುಚಿ ನೋಡಿದ ಮೇಲೆ

"ಡಾಕ್ಟ್ರೇ, ನಡೆಯೋಕೆ ತೊಂದರೆ ಇಲ್ಲ. ದಾದರ್ ಸ್ಟೇಷನ್ ಸೇತುವೆ ಹತ್ತುವಾಗ ಮಾತ್ರ ಇಲ್ಲಿ ಹಿಡಿಯುತ್ತೆ." ಡೊಂಬಿವಲಿಯಿಂದ ಬಂದಿದ್ದ ಆ ಅಮ್ಮ ಬೆರಳಿಟ್ಟಿದ್ದು ಚಿಪ್ಪಿನ ಮೇಲೆಯೇ. ಎರಡು ವರ್ಷದ ಹಿಂದೆ ಅವರ ಮಂಡಿ ಬದಲಿಸಿದ್ದು ನಾನೇ. ಚಿಪ್ಪನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೆ.

ನನಗೆ ಕಲಿಸಿದವರು ಬಿಡುತ್ತಿದ್ದರು, ನಾನೂ ಬಿಡುತ್ತಿದ್ದೆ. ಕಾರಣ ಇಲ್ಲದೆ ಅಲ್ಲ. ಚಿಪ್ಪಿನ ಮೂಳೆ ಲೋಹಕ್ಕೆ ಉಜ್ಜದಿರಲಿ ಅಂತ ಅದರ ಹಿಂಬದಿ ಕೊಯ್ದು ಪ್ಲಾಸ್ಟಿಕ್ ಗುಂಡಿ ಕೂರಿಸಿದರೆ ಚಿಪ್ಪು ಬಿರುಕು ಬಿಡಬಹುದು, ಗುಂಡಿ ಸಡಿಲವಾಗಬಹುದು. ಅಮೆರಿಕದಲ್ಲಿ ಹೆಚ್ಚಿನವರು ಗುಂಡಿ ಹಾಕುತ್ತಾರೆ, ಸ್ವೀಡನ್‌ನಲ್ಲಿ ತೀರಾ ಕಡಿಮೆ. ಬ್ರಿಟನ್ನಿನಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2020ರಲ್ಲಿ ಹಾಕುವ ಕಡೆಗೇ ವಾಲಿತು.

ಆ ಅಮ್ಮನಿಗೆ ಸೋಂಕಿಲ್ಲ, ಕೂರಿಸಿದ ಭಾಗಗಳು ತಿರುಚಿಲ್ಲ ಅಂತ ಖಚಿತ ಮಾಡಿಕೊಂಡು ಮತ್ತೆ ಮಂಡಿ ತೆರೆದೆ. ಚಿಪ್ಪಿನ ಹೊರ ಅಂಚಿನಲ್ಲಿ ಮೂಳೆ ಉಜ್ಜಿ ಉಜ್ಜಿ ದಂತದ ಹಾಗೆ ಹೊಳೆಯುತ್ತಿತ್ತು. ಗುಂಡಿ ಹಾಕಿದೆ. ನೋವು ಇಳಿಯಿತು, ಪೂರ್ತಿ ಹೋಗಲಿಲ್ಲ. ಮೊದಲ ಸಲವೇ ಹಾಕಬೇಕಿತ್ತು ಅಂತ ಇವತ್ತಿಗೂ ಅನಿಸುತ್ತದೆ.

ಈಗ ಪ್ರತಿ ಆಪರೇಷನ್‌ನಲ್ಲೂ ಚಿಪ್ಪನ್ನು ಮಗುಚಿ ನೋಡುತ್ತೇನೆ, ಕ್ಯಾಲಿಪರ್ ಹಿಡಿದು ದಪ್ಪ ಅಳೆಯುತ್ತೇನೆ. 22 ಮಿಲಿಮೀಟರ್ ಇದ್ದರೆ ಸುಮಾರು 8 ತೆಗೆದು ಅಷ್ಟೇ ದಪ್ಪದ ಗುಂಡಿ, ಸಿಮೆಂಟ್ ಹಾಕಿ, ಸ್ವಲ್ಪ ಒಳಬದಿಗೆ, ಅಂದರೆ ಇನ್ನೊಂದು ಕಾಲಿನ ಕಡೆಗೆ, ಸರಿಸಿ ಕೂರಿಸುತ್ತೇನೆ. ಮೊದಲಿಗಿಂತ ದಪ್ಪ ಆಯ್ತೋ, ಮಂಡಿ ಮಡಚುವುದು ಕಷ್ಟ. ಆಮೇಲೆ ಚಿಪ್ಪು ತಾನಾಗಿಯೇ ಜಾಗದಲ್ಲಿ ನಿಲ್ಲುತ್ತದೋ ನೋಡಲು ಅದಕ್ಕೆ ಹೆಬ್ಬೆರಳು ಒತ್ತದೆ ಮಂಡಿ ಮಡಚುತ್ತೇನೆ. ಚಿಪ್ಪು ಹೊರಕ್ಕೆ ಜಾರಿದರೆ ಸುಮ್ನೆ ಗುಂಡಿಯನ್ನು ದೂರಬಾರದು. ಎಷ್ಟೋ ಸಲ ತಪ್ಪಿರುವುದು ತೊಡೆಮೂಳೆಗೆ ಹಾಕಿದ ಲೋಹದ ಭಾಗ ತಿರುಗಿ ಕೂತಿರುವುದರಲ್ಲಿ.

ಸಂಧಿವಾತ, ಅಂದರೆ ರುಮಟಾಯ್ಡ್ ಇದ್ದವರಿಗೆ ನಾನು ಯೋಚನೆಯೇ ಮಾಡುವುದಿಲ್ಲ, ಹಾಕುತ್ತೇನೆ. ಆದರೆ ನಮ್ಮ ಸಣ್ಣ ಮೈಕಟ್ಟಿನ ಹೆಂಗಸರಲ್ಲಿ ಚಿಪ್ಪು ತೆಳ್ಳಗಿರುವುದು ಜಾಸ್ತಿ. ಕೊಯ್ದ ಮೇಲೆ 12 ಮಿಲಿಮೀಟರ್ ಮೂಳೆಯಾದರೂ ಉಳಿಯಬೇಕು ಅಲ್ವಾ? ಅಷ್ಟು ಉಳಿಯದಿದ್ದರೆ ಅಂಚಿನಲ್ಲಿ ಬೆಳೆದ ಮೂಳೆಯ ಮುಳ್ಳುಗಳನ್ನು ತೆಗೆದು ಚಿಪ್ಪನ್ನು ಬಿಟ್ಟುಬಿಡುತ್ತೇನೆ.

ಇದನ್ನೆಲ್ಲ ಈಗ ಮಾಟುಂಗಾದ ಕ್ಲಿನಿಕ್‌ನಲ್ಲೇ, ಆಪರೇಷನ್‌ಗೆ ಮೊದಲೇ ಹೇಳುತ್ತೇನೆ. ಒಂದು ಗುಂಡಿಯನ್ನು ಅವರ ಅಂಗೈಗೆ ಇಟ್ಟು, "ಇದನ್ನು ಹಾಕಬಹುದು, ಹಾಕದೆಯೂ ಇರಬಹುದು. ಒಳಗೆ ನೋಡಿ ತೀರ್ಮಾನಿಸ್ತೀನಿ ಅಮ್ಮ" ಅನ್ನುತ್ತೇನೆ. ಅವರು ಅದನ್ನು ತಿರುಗಿಸಿ, ಬೆನ್ನಿನ ಮೂರು ಗೂಟಗಳನ್ನು ಮುಟ್ಟಿ ನೋಡುತ್ತಾರೆ. ಆಮೇಲೆ ಪ್ರಶ್ನೆ ಶುರು.