ದಾಯ್ ಜಿನ್‌ಹುವಾ ಅವರನ್ನು ನಾನು ಓದಿಕೊಂಡ ಬಗೆ

ನಮ್ಮ ಊರಿನ ಚಿತ್ರ ಸಮಾಜದವರು ಮುಕ್ಕಾಲು ಗಂಟೆ ಮಾತಾಡಿ ಅಂದರು. ನಾನು ಚೀನಾದ ಸ್ತ್ರೀವಾದಿ ಚಿಂತಕಿ ದಾಯ್ ಜಿನ್‌ಹುವಾ ಅವರನ್ನು ಆರಿಸಿಕೊಂಡೆ. ನನಗೆ ಚೀನೀ ಭಾಷೆ ಬರುವುದಿಲ್ಲ. 2002ರಲ್ಲಿ ಇಂಗ್ಲಿಷಿಗೆ ಬಂದ ಅವರ ಪ್ರಬಂಧಗಳೇ ಆಧಾರ.

ಮೊದಲು ಬರೆದದ್ದು ಬರೀ ಇಸವಿಗಳು. 1959ರಲ್ಲಿ ಬೀಜಿಂಗಿನಲ್ಲಿ ಹುಟ್ಟಿದ್ದು, 1982ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದ್ದು, ಬೀಜಿಂಗ್ ಫಿಲ್ಮ್ ಅಕಾಡೆಮಿಯಲ್ಲಿ 11 ವರ್ಷ ಪಾಠ ಮಾಡಿದ್ದು, 1993ರಲ್ಲಿ ಓದಿದ ಕಡೆಗೇ ಮೇಷ್ಟ್ರಾಗಿ ಮರಳಿದ್ದು. ಅಕ್ಕನಿಗೆ ಓದಿ ತೋರಿಸಿದೆ. "ಅದೆಲ್ಲ ಸರಿ ಕಣೇ, ಅವರು ಹೇಳಿದ್ದೇನು?" ಅಂದಳು.

ಹಾಳೆ ಬದಿಗಿಟ್ಟು ಸಿನಿಮಾ ನೋಡಿದೆ. ಹುವಾಂಗ್ ಶುಚಿನ್ 1987ರಲ್ಲಿ ಮಾಡಿದ 'ರೆನ್ ಗುಯಿ ಚಿಂಗ್'. ದಾಯ್ ತುಂಬಾ ಮನಸ್ಸಿಟ್ಟು ಬರೆದಿರುವ ಚಿತ್ರ. ಚಿಯು ಯುನ್ ಎಂಬ ಹುಡುಗಿ ಚೀನೀ ಸಂಗೀತ ನಾಟಕದಲ್ಲಿ ಗಂಡು ವೇಷ ಹಾಕುತ್ತಾಳೆ. ಮುಂದೆ ದೆವ್ವ ಹಿಡಿಯುವ ಝೊಂಗ್ ಕುಯಿ ಪಾತ್ರದಲ್ಲಿ ಹೆಸರು ಮಾಡುತ್ತಾಳೆ. ಒಂದು ದೃಶ್ಯದಲ್ಲಿ ಹೆಂಗಸರ ಶೌಚಾಲಯಕ್ಕೆ ಹೋದವಳನ್ನು ಹುಡುಗ ಅಂದುಕೊಂಡು ಹಿಡಿಯುತ್ತಾರೆ. ಜನ ಸೇರುತ್ತಾರೆ. ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ ಸಂಕಟವಾಯ್ತು.

ಅಲ್ಲಿಂದ ದಾಯ್ ಅವರ ಬರಹ ಬಿಡಿಸಿಕೊಳ್ಳತೊಡಗಿತು. ಗಂಡಸಿನ ಉಡುಪು ತೊಟ್ಟು ಯುದ್ಧಕ್ಕೆ ಹೋದ ಹುವಾ ಮುಲಾನ್ ಕತೆಯನ್ನು ಅವರು ಮತ್ತೆ ಮತ್ತೆ ಎತ್ತಿಕೊಳ್ಳುತ್ತಾರೆ. ಮಾವೋ ಕಾಲದಲ್ಲಿ ಗಂಡು ಹೆಣ್ಣು ಒಂದೇ ಅಂದರು. ಹೆಂಗಸರಿಗೆ ಕೆಲಸ ಸಿಕ್ಕಿತು, ಕಾನೂನಿನ ಬಲ ಸಿಕ್ಕಿತು. ಅದು ಸಣ್ಣದಲ್ಲ, ದಾಯ್ ಕೂಡ ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಸಮಾನ ಅಂದರೆ ಯಾರಿಗೆ ಸಮಾನ? ಅಳತೆ ಗಂಡಸಿನದೇ. ಮುಲಾನ್ ರಣರಂಗದಲ್ಲಿ ಗಂಡಸು, ಮನೆಗೆ ಬಂದು ಹಳೇ ಬಟ್ಟೆ ತೊಟ್ಟರೆ ಮತ್ತೆ ಮಗಳು. ಹೆಣ್ಣಾಗಿಯೇ ನಿಂತು ಮಾತಾಡುವ ಜಾಗ ಎಲ್ಲಿ? 1989ರಲ್ಲಿ ಮೆಂಗ್ ಯುಯೆ ಜೊತೆ ಆಧುನಿಕ ಚೀನೀ ಲೇಖಕಿಯರ ಬಗ್ಗೆ ಬರೆದ ಪುಸ್ತಕದಲ್ಲೂ ಅವರು ಹುಡುಕಿದ್ದು ಆ ಜಾಗವನ್ನೇ.

1990ರ ದಶಕದಲ್ಲಿ ಅವರ ಕಣ್ಣು ಸಿನಿಮಾದಾಚೆಗೂ ಹೋಯಿತು. ಜನ ಸೇರುವ ಚೌಕಕ್ಕೆ ಚೀನೀಯರು ಗುವಾಂಗ್‌ಚಾಂಗ್ ಅನ್ನುತ್ತಾರೆ. ಅದೇ ಪದ ಶಾಪಿಂಗ್ ಮಾಲ್‌ಗಳ ಹೆಸರಾದದ್ದನ್ನು ಹಿಡಿದು ಅವರು ಇಡೀ ಕಾಲವನ್ನೇ ಓದುತ್ತಾರೆ. ನನಗೆ ಇದು ಬಲು ಇಷ್ಟ.

ಯಕ್ಷಗಾನದ ಸ್ತ್ರೀವೇಷದ ಹೋಲಿಕೆಯನ್ನೂ ಬರೆದಿದ್ದೆ. ಸುಲಭವಾಗಿ ಕೂರುತ್ತಿತ್ತು, ಆದರೆ ಆ ಹುಡುಗಿಯ ಕತೆ ಮಸುಕಾಗುತ್ತಿತ್ತು. ಹೊಡೆದುಹಾಕಿದೆ.

ಆ ದಿನ ಶೌಚಾಲಯದ ದೃಶ್ಯದಿಂದಲೇ ಶುರು ಮಾಡಿದೆ. ಇಸವಿಗಳ ಹಾಳೆಯನ್ನು ಬೇಕಾದವರು ತೆಗೆದುಕೊಳ್ಳಲಿ ಅಂತ ಬಾಗಿಲ ಬಳಿ ಇಟ್ಟೆ. ಮುಂದಿನ ತಿಂಗಳು ಇಡೀ ಚಿತ್ರ ತೋರಿಸು ಅಂತ ಅಕ್ಕ ಹೇಳಿದ್ದಾಳೆ.