ಹಿಟ್ಟು ತಿಗಣೆಗೊಂದು ಕುಂಬಳಕಾಯಿ

ನಮ್ಮ ತಾರಸಿಯ ದಾಸವಾಳಕ್ಕೆ ಒಮ್ಮೆ ಹಿಟ್ಟು ತಿಗಣೆ, ಅಂದರೆ ರಸ ಹೀರುವ ಪುಟ್ಟ ಬಿಳಿ ಹುಳ, ಬಿತ್ತು. ಕುಡಿಯೆಲ್ಲ ಮುರುಟಿಕೊಂಡು, ಮೊಗ್ಗಿನ ಸಂದಿಯಲ್ಲಿ ಹತ್ತಿ ಮೆತ್ತಿದ ಹಾಗೆ ಬೆಳ್ಳಗಾಗಿತ್ತು. ನಾನು ಹಳೇ ಟೂತ್‌ಬ್ರಶ್ ಹಿಡಿದು ಒಂದು ವಾರ ದಿನಾ ಬೆಳಿಗ್ಗೆ ಉಜ್ಜಿದೆ. ಅದರಲ್ಲಿ ಕೆಲವು ದಪ್ಪ ಬಿಳಿ ಹುಳಗಳು ಚುರುಕಾಗಿ ಓಡಾಡುತ್ತಿದ್ದವು. ಇವೇ ದೊಡ್ಡ ಕಳ್ಳರು ಅಂದುಕೊಂಡು ಹುಡುಕಿ ಹುಡುಕಿ ಹೊಸಕಿದೆ. ಎಂಟನೇ ದಿನ ಪಕ್ಕದ ಮನೆ ಹುಡುಗಿ ಭೂತಗನ್ನಡಿ ತಂದು ನೋಡಿದಳು. "ಅಜ್ಜಿ, ನೀವು ಕೊಂದಿದ್ದು ಕಳ್ಳರನ್ನಲ್ಲ, ಪೊಲೀಸರನ್ನ" ಅಂದಳು.

ಅವಳು ಹೇಳಿದ್ದು ನಿಜ. ಹಿಟ್ಟು ತಿಗಣೆಯನ್ನೇ ತಿಂದು ಬದುಕುವ ಒಂದು ಜಾತಿಯ ಗುಲಗಂಜಿ ಹುಳ ಇದೆ. ಕ್ರಿಪ್ಟೋಲೀಮಸ್ ಅಂತ ಹೆಸರು. ಮೂಲ ಆಸ್ಟ್ರೇಲಿಯಾ. 1891ರಲ್ಲಿ ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ತಂದು ಬಿಟ್ಟರು, ಆಮೇಲೆ ಎಷ್ಟೋ ದೇಶಗಳಿಗೆ ಹೋಯಿತು. ಬೆಳೆದ ಹುಳ ಸುಮಾರು 4 ಮಿಲಿಮೀಟರ್. ಕಪ್ಪು ಬೆನ್ನು, ತಲೆ ಮತ್ತು ಹಿಂಬದಿ ಕಿತ್ತಳೆ. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಮೋಸ ಹೋಗುವುದು ಅದರ ಮರಿಯನ್ನು ನೋಡಿ. ಮೈತುಂಬಾ ಬಿಳಿ ಮೇಣದ ಎಳೆ, ಥೇಟ್ ಹಿಟ್ಟು ತಿಗಣೆ. ಗುರುತು ಹೇಳುತ್ತೇನೆ ಕೇಳಿ. ತಿಗಣೆ ಚಪ್ಪಟೆ, ಕೂತಲ್ಲೇ ಕೂತಿರುತ್ತದೆ, ಅಂಚಿನಲ್ಲಿ ಮಾತ್ರ ಗಿಡ್ಡ ಎಳೆ. ಮರಿಯ ಎಳೆಗಳು ಉದ್ದ, ಕೆದರಿದ ಕೂದಲಿನ ಹಾಗೆ. ಬಲಿತರೆ ಒಂದು ಸೆಂಟಿಮೀಟರ್ ದಾಟುತ್ತದೆ. ಕಡ್ಡಿಯಲ್ಲಿ ಮುಟ್ಟಿದರೆ ಸರಸರ ಓಡುತ್ತದೆ. ಓಡಿದರೆ ಬಿಟ್ಟುಬಿಡಿ.

ಅದಕ್ಕೇ ಹುಳ ಕಂಡ ಕೂಡಲೇ ಸ್ಪ್ರೇ ಕ್ಯಾನ್ ಹಿಡಿಯಬೇಡಿ ಅಂತ ಎಲ್ಲರಿಗೂ ಹೇಳುತ್ತಿರುತ್ತೇನೆ. ಮೊದಲು ಎಲೆ ತಿರುಗಿಸಿ ನೋಡಿ. ಹೇನು (ತಲೆಯದ್ದಲ್ಲ, ಗಿಡದ ರಸ ಹೀರುವ ಸಸ್ಯಹೇನು) ಮುತ್ತಿದ ಕುಡಿಯಲ್ಲಿ ಸಣ್ಣ ಮೊಸಳೆಯಂಥ ಕಪ್ಪು ಹುಳ, ಮೈಮೇಲೆ ಕಿತ್ತಳೆ ಚುಕ್ಕೆ ಇದ್ದರೆ ಅದು ಮಾಮೂಲಿ ಗುಲಗಂಜಿ ಹುಳದ ಮರಿ. ಬೆಳೆದು ಮುಗಿಯುವಷ್ಟರಲ್ಲಿ ನೂರಾರು ಹೇನು ತಿಂದಿರುತ್ತದೆ. ಎಲೆಯಡಿಯಲ್ಲಿ ಕೂದಲೆಳೆಯ ತುದಿಗೆ ಒಂದೊಂದೇ ಮೊಟ್ಟೆ ನಿಲ್ಲಿಸಿಟ್ಟ ಹಾಗೆ ಕಂಡರೆ ಅದು ಲೇಸ್‌ವಿಂಗ್ ಅನ್ನುವ ಹಸಿರು ರೆಕ್ಕೆಯ ಮಿತ್ರ ಕೀಟದ್ದು. ಹೇನುಗಳ ಮಧ್ಯೆ ಕೆಲವು ಊದಿಕೊಂಡು, ಕಂದು ಬಣ್ಣಕ್ಕೆ ತಿರುಗಿ, ಕಾಗದದ ಹಾಗೆ ಒಣಗಿ ಕೂತಿವೆಯಾ? ಅದರೊಳಗೆ ಒಂದು ಪುಟ್ಟ ಕಣಜದ ಮರಿ ಬೆಳೆಯುತ್ತಿದೆ. ಬೆನ್ನಲ್ಲಿ ಗುಂಡಗೆ ತೂತಿದ್ದರೆ ಕಣಜ ಆಗಲೇ ಹೊರಬಿದ್ದು ಮುಂದಿನ ಹೇನಿಗೆ ಮೊಟ್ಟೆ ಇಡಲು ಹೋಗಿದೆ. ಇಂಥ ಎಲೆಯನ್ನು ಕಿತ್ತು ಬಿಸಾಡುವುದೆಂದರೆ ನಮ್ಮ ಕೈಯಾರೆ ನಮ್ಮ ನಷ್ಟ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದು ಒಬ್ಬರೇ ಮಾಡುವ ಕೆಲಸವೇ ಅಲ್ಲ. ಹುಳಕ್ಕೆ ಕಾಂಪೌಂಡ್ ಗೊತ್ತಿಲ್ಲ. ನಮ್ಮ ಸಾಲಿನಲ್ಲೇ ಒಬ್ಬರು ಟೊಮೆಟೊಗೆ ಬಿಳಿ ನೊಣ ಬಂತು ಅಂತ ಜೋರು ವಿಷ ಹೊಡೆದರು. ಎರಡು ದಿನ ಎಲ್ಲ ಶಾಂತ. ಮೂರು ವಾರಕ್ಕೆ ಬಿಳಿ ನೊಣ ಮೊದಲಿಗಿಂತ ಜಾಸ್ತಿ ಬಂತು, ಅವರ ಮನೆಗೂ ನಮ್ಮ ಮನೆಗೂ. ಕಾರಣ ಕಷ್ಟದ್ದೇನಲ್ಲ. ಗಿಡ ಹೀರುವ ಹುಳಕ್ಕೆ ಊಟ ಎಲ್ಲೆಲ್ಲೂ ಇದೆ, ಸಂತಾನವೂ ಬೇಗ. ಹೇನಂತೂ ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುತ್ತದೆ, ಆ ಮರಿ ವಾರ ಹತ್ತು ದಿನಕ್ಕೆ ತಾಯಿ. ಅದನ್ನು ತಿನ್ನುವ ಹುಳಕ್ಕೆ ಮೊದಲು ಅದು ಸಿಗಬೇಕು, ಆಮೇಲೆ ತಾನೇ ಸಂಸಾರ? ವಿಷ ಹೊಡೆದಾಗ ಇಬ್ಬರೂ ಸಾಯುತ್ತಾರೆ, ಆದರೆ ವಾಪಸ್ ಬರುವಾಗ ಕಳ್ಳನೇ ಮುಂದೆ.

ಆ ಗಲಾಟೆ ಆದ ಮೇಲೆ ನಾವು ಏಳು ಮನೆಯವರು ಸೇರಿದೆವು. ಸಂಘ ಗಿಂಘ ಅಂತೇನಿಲ್ಲ. ಒಬ್ಬರ ಮನೆಯಲ್ಲಿ ಬೇವಿನ ಬೀಜ ರುಬ್ಬುವುದು, ಒಬ್ಬರ ಮನೆಯಲ್ಲಿ ಗೊಬ್ಬರ, ನಮ್ಮ ಮನೆಯಲ್ಲಿ ಕುಂಬಳಕಾಯಿ.

ಹೌದು, ಕುಂಬಳಕಾಯಿ. ಕ್ರಿಪ್ಟೋಲೀಮಸ್ ಸಾಕುವುದು ಅದರ ಮೇಲೆ. ಪ್ರಯೋಗಾಲಯಗಳಲ್ಲೂ ಇದೇ ಪದ್ಧತಿ. ಚೆನ್ನಾಗಿ ಬಲಿತ, ತೊಟ್ಟು ಇರುವ, ಮೈಯಲ್ಲಿ ಏಣು ಹಳ್ಳ ಇರುವ ಕೆಂಪು ಕುಂಬಳಕಾಯಿ ಆರಿಸಿ. ನುಣ್ಣಗಿನ ಕಾಯಿಯ ಮೇಲೆ ತಿಗಣೆ ಸರಿಯಾಗಿ ಕೂರುವುದಿಲ್ಲ. ತೊಳೆದು ಒರೆಸಿ, ಗಾಯ ಇದ್ದಲ್ಲಿ ಕರಗಿದ ಮೇಣದಬತ್ತಿ ಹನಿಸಿ ಮುಚ್ಚಿ. ಇಲ್ಲದಿದ್ದರೆ ಅಲ್ಲಿಂದಲೇ ಕೊಳೆಯುತ್ತದೆ. ತಿಗಣೆ ಇರುವ ಎರಡು ಮೂರು ಕುಡಿ ಕತ್ತರಿಸಿ ಕಾಯಿಯ ಮೇಲಿಡಿ, ಕುಡಿ ಒಣಗಿದಂತೆ ತಿಗಣೆ ಮರಿಗಳು ತಾವಾಗಿ ಕಾಯಿಗೆ ಇಳಿಯುತ್ತವೆ. ಬೆಳಕು ಕಡಿಮೆ ಇರುವ ಮೂಲೆ ಬೇಕು. ಎರಡು ಮೂರು ವಾರಕ್ಕೆ ಕಾಯಿ ಹಿಟ್ಟಿನಲ್ಲಿ ಹೊರಳಾಡಿಸಿದ ಹಾಗೆ ಆಗುತ್ತದೆ. ಆಗ ತೆಳು ಬಟ್ಟೆ ಕಟ್ಟಿದ ಪೆಟ್ಟಿಗೆಯೊಳಗೆ ಕಾಯಿ ಇಟ್ಟು, ಗುಲಗಂಜಿ ಹುಳಗಳನ್ನು ಬಿಡಬೇಕು. ಮೊಟ್ಟೆ, ಮರಿ, ಕೋಶ ಎಲ್ಲ ಮುಗಿದು ಹೊಸ ಹುಳ ಬರಲು ಹೆಚ್ಚುಕಡಿಮೆ ಒಂದು ತಿಂಗಳು. ಬೆಳಕಿನ ಕಡೆಯ ಬಟ್ಟೆಗೆ ಬಂದು ಕೂರುತ್ತವೆ, ಸಣ್ಣ ಡಬ್ಬಿಯಲ್ಲಿ ಹಿಡಿದುಕೊಳ್ಳುವುದು ಸುಲಭ. ಸಂಜೆ ತಂಪಿನಲ್ಲಿ ಗಿಡಕ್ಕೆ ಬಿಡಿ.

ಪೆಟ್ಟಿಗೆ ಇಟ್ಟ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವುದನ್ನು ಮರೆಯಬೇಡಿ. ನಮ್ಮ ಮೊದಲ ಕಾಯಿ ಪೂರ್ತಿ ಇರುವೆ ಪಾಲಾಯಿತು. ಮೊದಲ ಜೊತೆ ಹುಳಕ್ಕೆ ನಿಮ್ಮ ಪ್ರದೇಶದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿ. ನಿಮ್ಮಲ್ಲಿ ಈಗಾಗಲೇ ಇರುವ ಜಾತಿಯನ್ನೇ ತನ್ನಿ. ಬೇರೆ ದೇಶದಿಂದ ಯಾರೋ ಕಳಿಸಿದ ಹುಳ ಅಂತ ತಂದು ಬಿಡುವ ಸಾಹಸ ಬೇಡ.

ಇರುವೆ ವಿಷಯ ಬಂದದ್ದಕ್ಕೆ ಇನ್ನೊಂದು ಮಾತು. ಹೇನು, ತಿಗಣೆ ಎರಡೂ ಸಿಹಿ ಅಂಟು ಸುರಿಸುತ್ತವೆ. ಅದರಾಸೆಗೆ ಇರುವೆ ಅವನ್ನು ದನ ಕಾದ ಹಾಗೆ ಕಾಯುತ್ತದೆ, ತಿನ್ನಲು ಬಂದ ಹುಳವನ್ನು ಓಡಿಸುತ್ತದೆ. ಕಾಂಡದ ಮೇಲೆ ಇರುವೆ ಸಾಲು ಕಂಡರೆ ಮೊದಲು ಅದನ್ನು ತಡೆಯಿರಿ. ಪಾಟ್ ಅಡಿಗೆ ಇಟ್ಟಿಗೆ, ಇಟ್ಟಿಗೆ ಸುತ್ತ ನೀರಿನ ತಟ್ಟೆ ಇಟ್ಟರೆ ಸಾಕು. ಸೊಳ್ಳೆ ಆಗದ ಹಾಗೆ ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ. ಎಷ್ಟೋ ಸಲ ಇಷ್ಟಕ್ಕೇ ಅರ್ಧ ಕೆಲಸ ಮುಗಿಯುತ್ತದೆ.

ಬೇವಿನ ಕಷಾಯ ಎಲ್ಲರಿಗೂ ಗೊತ್ತು, ಆದರೆ ಹತ್ತರಲ್ಲಿ ಎಂಟು ಜನ ಅಳತೆ ಇಲ್ಲದೆ ಮಾಡುತ್ತಾರೆ. ಎಲೆಯಲ್ಲಿ ಅಷ್ಟು ಶಕ್ತಿ ಇಲ್ಲ, ಬೀಜದ ತಿರುಳಿನಲ್ಲಿ ಇರುವುದು. ಅಜಾಡಿರಾಕ್ಟಿನ್ ಅನ್ನುವ ಅಂಶ ಅದು. ಬೀಜ ನೆರಳಲ್ಲಿ ಒಣಗಿಸಿ, ಒಂದು ವರ್ಷ ದಾಟಿದ್ದು, ಬೂಜು ಹಿಡಿದಿದ್ದು ಬೇಡ. ಲೀಟರ್ ನೀರಿಗೆ 50 ಗ್ರಾಂ ತಿರುಳು. ನಾವು ಏಳು ಮನೆಗೆ 10 ಲೀಟರ್ ಮಾಡುತ್ತೇವೆ, ಅಂದರೆ ಅರ್ಧ ಕಿಲೋ. ತರಿತರಿಯಾಗಿ ಪುಡಿ ಮಾಡಿ, ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ರಾತ್ರಿ ಸ್ವಲ್ಪ ನೀರಲ್ಲಿ ನೆನೆಸಿ. ಮಾರನೇ ದಿನ ನೀರು ಹಾಲಿನ ಬಣ್ಣಕ್ಕೆ ತಿರುಗುವವರೆಗೆ ಗಂಟು ಹಿಂಡುತ್ತಾ ಇರಿ. ಸೋಸಿ, 10 ಲೀಟರ್‌ಗೆ ತುಂಬಿಸಿ, 20 ಗ್ರಾಂ ಸೋಪು ಕರಗಿಸಿ ಹಾಕಿ. ಸೋಪಿಲ್ಲದಿದ್ದರೆ ಎಲೆಗೆ ಅಂಟದೆ ಜಾರಿಹೋಗುತ್ತದೆ. ಹೊಡೆಯುವುದು ಸಂಜೆ, ಎಲೆಯ ಅಡಿಗೆ. ಬಿಸಿಲಿಗೆ ಬೇವಿನ ಸತ್ವ ಬೇಗ ಹಾಳಾಗುತ್ತದೆ. ಮಾಡಿದ್ದನ್ನು ಅವತ್ತೇ ಖಾಲಿ ಮಾಡಿ, ಅದಕ್ಕೇ ಹಂಚಿಕೊಂಡು ಮಾಡುವುದು ಒಳ್ಳೆಯದು. ಮೊದಲು ಒಂದು ಕೊಂಬೆಗೆ ಹೊಡೆದು ಒಂದು ದಿನ ಕಾದು ನೋಡಿ, ಎಳೆ ಎಲೆ ಸುಡುವುದುಂಟು.

ಬೆಳಿಗ್ಗೆ ಎದ್ದು ನೋಡಿದರೆ ಹುಳ ಬದುಕೇ ಇದೆ ಅಂತ ಬೈಯಬೇಡಿ. ಬೇವು ಪಟ್ಟನೆ ಕೊಲ್ಲುವುದಿಲ್ಲ. ಹುಳಕ್ಕೆ ತಿನ್ನುವ ಆಸೆ ಹೋಗುತ್ತದೆ, ಪೊರೆ ಕಳಚಲು ಆಗುವುದಿಲ್ಲ. ನಾಲ್ಕೈದು ದಿನ ತಾಳ್ಮೆ ಬೇಕು. ಗುಲಗಂಜಿ ಹುಳ ಬಿಟ್ಟ ಗಿಡಕ್ಕೆ ಮಾತ್ರ ಇದನ್ನೂ ಹೊಡೆಯಬೇಡಿ.

ಹೊಗೆಸೊಪ್ಪಿನ ಕಷಾಯ ಮಾಡಲಾ ಅಂತ ಯಾರಾದರೂ ಕೇಳುತ್ತಲೇ ಇರುತ್ತಾರೆ. ಬೇಡ. ಮನೆಯಲ್ಲಿ ಮಾಡಿದ್ದು ಅಂದ ಮಾತ್ರಕ್ಕೆ ಅದು ಮೆತ್ತಗಿನ ಔಷಧಿ ಆಗುವುದಿಲ್ಲ. ಅದರಲ್ಲಿರುವ ನಿಕೋಟಿನ್ ವಿಷ ಚರ್ಮದ ಮೂಲಕವೇ ಮೈಗೆ ಸೇರುತ್ತದೆ, ತಲೆ ಸುತ್ತು ವಾಂತಿ ಬರಬಹುದು. ಒಳ್ಳೇ ಹುಳ ಕೆಟ್ಟ ಹುಳ ಅಂತ ನೋಡದೆ ಕೊಲ್ಲುತ್ತದೆ. ಸಾಲದ್ದಕ್ಕೆ ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಟೊಮೆಟೊ, ಮೆಣಸಿನ ಗಿಡಕ್ಕೂ ಅಂಟಬಹುದು.

ಸಸಿಗಳು ಬುಡದಲ್ಲೇ ಕೊಳೆತು ಬಾಗಿ ಬೀಳುತ್ತಿದ್ದರೆ ಅದು ಮಣ್ಣಿನ ಶಿಲೀಂಧ್ರದ ಕೆಲಸ. ಅದಕ್ಕೆ ಟ್ರೈಕೋಡರ್ಮಾ. ಇದೂ ಶಿಲೀಂಧ್ರವೇ, ಆದರೆ ರೋಗ ತರುವ ಶಿಲೀಂಧ್ರದ ಎಳೆಗಳನ್ನು ಸುತ್ತಿಕೊಂಡು ತಿನ್ನುವಂಥದ್ದು. ಪುಡಿ ತಂದು ನೇರವಾಗಿ ಪಾಟ್‌ಗೆ ಉದುರಿಸುವುದು ದಂಡ. ಗೊಬ್ಬರದಲ್ಲಿ ಬೆಳೆಸಿ. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ 9 ಕಿಲೋ, ಬೇವಿನ ಹಿಂಡಿ 1 ಕಿಲೋ, ಅದಕ್ಕೆ 100 ಗ್ರಾಂ ಪುಡಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟು ತೇವ. ನೆರಳಲ್ಲಿ ಗುಡ್ಡೆ ಮಾಡಿ ಒದ್ದೆ ಗೋಣಿಚೀಲ ಮುಚ್ಚಿ. ನಾಲ್ಕೈದು ದಿನಕ್ಕೊಮ್ಮೆ ತಿರುವಿ ಹಾಕಿ. ಹದಿನೈದು ದಿನಕ್ಕೆ ಗೊಬ್ಬರದ ಮೇಲೆ ಬಿಳಿ, ಆಮೇಲೆ ಪಾಚಿ ಹಸಿರು ಬಣ್ಣ ಹರಡುತ್ತದೆ. ಕಾಡಿನ ಮಣ್ಣಿನಂಥ ವಾಸನೆ ಬಂದರೆ ಸರಿ. ಹುಳಿ ನಾತ ಬಂದರೆ ನೀರು ಜಾಸ್ತಿಯಾಗಿದೆ. ಪಾಟ್‌ಗೆ ಎರಡು ಹಿಡಿ, ಬೇರಿನ ಹತ್ತಿರ. ತಾಮ್ರದ ಪುಡಿ ಅಥವಾ ಬೇರೆ ಶಿಲೀಂಧ್ರನಾಶಕ ಅದೇ ಪಾಟ್‌ಗೆ ಹಾಕಿದರೆ ಎಲ್ಲ ಮಣ್ಣುಪಾಲು.

ಗೊಬ್ಬರದಲ್ಲಿ ಗೆದ್ದ ಉತ್ಸಾಹಕ್ಕೆ ನಾವು ಬ್ಯೂವೇರಿಯಾಕ್ಕೂ ಕೈ ಹಾಕಿದೆವು. ಹುಳದ ಮೈಮೇಲೆ ಮೊಳೆತು ಒಳಗೆ ಇಳಿದು ಕೊಲ್ಲುವ ಬಿಳಿ ಶಿಲೀಂಧ್ರ ಇದು. ರೇಷ್ಮೆ ಹುಳಗಳ ಸುಣ್ಣಕಟ್ಟು ರೋಗಕ್ಕೆ ಇದೇ ಕಾರಣ ಅಂತ 1835ರಲ್ಲಿ ಇಟಲಿಯ ಅಗಸ್ಟಿನೊ ಬಸ್ಸಿ ತೋರಿಸಿಕೊಟ್ಟರು. ಅವರ ನೆನಪಿಗೇ ಅದರ ಹೆಸರಲ್ಲಿ ಬ್ಯಾಸಿಯಾನಾ ಅಂತ ಸೇರಿತು. ಅರೆಬೆಂದ ಅನ್ನವನ್ನು ಚೀಲಕ್ಕೆ ತುಂಬಿ, ಪ್ರೆಶರ್ ಕುಕ್ಕರ್‌ನಲ್ಲಿ ಹಬೆ ಕೊಟ್ಟು, ಆರಿದ ಮೇಲೆ ಶಿಲೀಂಧ್ರದ ಬೀಜ ಹಾಕಿ ಬೆಳೆಸುತ್ತಾರೆ. ಹೇಳಲು ಸುಲಭ. ನಾವು ಮಾಡಿದ ನಾಲ್ಕು ಚೀಲದಲ್ಲಿ ಎರಡು ಕಪ್ಪಾದವು, ಒಂದು ಹಳದಿ ಮಿಶ್ರಿತ ಹಸಿರಾಯಿತು. ಅನ್ನದ ಮೇಲೆ ಹಾಗೆ ಬೆಳೆಯುವ ಬೂಜಿನಲ್ಲಿ ಮನುಷ್ಯರಿಗೆ ವಿಷವಾಗುವ ಜಾತಿಗಳೂ ಇವೆ. ನಾಲ್ಕನೆಯದು ಬೆಳ್ಳಗೇ ಇತ್ತು, ಆದರೂ ನನಗೆ ಧೈರ್ಯ ಬರಲಿಲ್ಲ. ಚೀಲ ಬಿಚ್ಚದೆ, ಕುಕ್ಕರ್‌ನಲ್ಲಿ ಮತ್ತೆ ಹಬೆ ಕೊಟ್ಟು ಎಲ್ಲವನ್ನೂ ಎಸೆದೆವು. ಸ್ವಚ್ಛವಾದ ಕೋಣೆ, ಸೂಕ್ಷ್ಮದರ್ಶಕ, ಗೊತ್ತಿದ್ದವರು ಒಬ್ಬರು ಇಲ್ಲದೆ ಇದಕ್ಕೆ ಹೋಗಬೇಡಿ. ತಯಾರಿದ್ದದ್ದನ್ನು ತಂದು ಹಂಚಿಕೊಳ್ಳಿ, ಹೊಡೆಯುವಾಗ ಮಾಸ್ಕ್ ಹಾಕಿಕೊಳ್ಳಿ. ಹತ್ತಿರದಲ್ಲಿ ರೇಷ್ಮೆ ಸಾಕುವವರಿದ್ದರೆ ಮುಟ್ಟಲೇ ಬೇಡಿ.

ಜನ ಸೇರಿದರೆ ಇದನ್ನೂ ಮಾಡಬಹುದು ಅನ್ನುವುದಕ್ಕೆ ಕ್ಯೂಬಾ ಇದೆ. 1990ರ ಆಸುಪಾಸಿನಲ್ಲಿ ಸೋವಿಯತ್ ನೆರವು ನಿಂತು, ಕೀಟನಾಶಕದ ಆಮದು ದಿಢೀರನೆ ಕುಸಿಯಿತು. ಹವಾನಾ ನಗರದ ಖಾಲಿ ಜಾಗಗಳಲ್ಲಿ ತರಕಾರಿ ಬೆಳೆಯತೊಡಗಿದರು. ಮಿತ್ರ ಕೀಟ, ಶಿಲೀಂಧ್ರ ಬೆಳೆಸುವ ಸಣ್ಣ ಕೇಂದ್ರಗಳು ದೇಶದಲ್ಲಿ 200ಕ್ಕೂ ಹೆಚ್ಚಾದವು, ಅದರಲ್ಲಿ ಎಷ್ಟೋ ಸಹಕಾರಿ ತೋಟಗಳಲ್ಲೇ ಇದ್ದವು. ನನಗೆ ಬಹಳ ಹಿಡಿಸಿದ್ದು ಅವರ ಇರುವೆ ಉಪಾಯ. ಬಾಳೆದಿಂಡಿಗೆ ಸಿಹಿ ಸವರಿ ಇರುವೆ ಗೂಡು ಕಟ್ಟುವಂತೆ ಮಾಡಿ, ದಿಂಡನ್ನೇ ಹೊತ್ತು ಗೆಣಸಿನ ಹೊಲಕ್ಕೆ ಹಾಕುತ್ತಿದ್ದರು. ಗೆಣಸು ಕೊರೆಯುವ ಮೂತಿಹುಳವನ್ನು ಇರುವೆ ನೋಡಿಕೊಳ್ಳುತ್ತಿತ್ತು. ನನ್ನ ಕುಂಬಳಕಾಯಿ ತಿಂದ ಇರುವೆಯೇ ಇನ್ನೊಬ್ಬರ ಹೊಲ ಕಾಯುತ್ತದೆ, ನೋಡಿ!

ಇನ್ನು, ಏಳು ತಾರಸಿಯಲ್ಲಿ ಒಂದೊಂದು ಪಾಟ್ ಸಾಸಿವೆ, ಒಂದೊಂದು ಪಾಟ್ ಸಬ್ಬಸಿಗೆ ಹೂಬಿಡಲು ಬಿಡುತ್ತೇವೆ. ಸಾಸಿವೆಗೆ ಹೇನು ಮುತ್ತಲಿ ಅಂತಲೇ ಬೆಳೆಸುವುದು. ಗುಲಗಂಜಿ ಹುಳಕ್ಕೆ ವರ್ಷವಿಡೀ ಊಟ ಬೇಡವೇ? ಸಬ್ಬಸಿಗೆಯ ಸಣ್ಣ ಹೂವಿನ ಮಕರಂದ ಪುಟ್ಟ ಕಣಜಗಳಿಗೆ. ಮೊದಲ ವರ್ಷ ನಮ್ಮ ಸೊಸೆ ಸಾಸಿವೆ ಗಿಡದ ಅವಸ್ಥೆ ನೋಡಿ ನನಗೆ ಹೇಳದೆ ಕಿತ್ತು ಹಾಕಿದ್ದಳು. ಈಗ ಆ ಪಾಟ್ ಮೇಲೆ ಚೀಟಿ ಅಂಟಿಸಿದ್ದೇವೆ, 'ಹೇನು ಇರಲಿ' ಅಂತ.

ಚೀಟಿ ಅಂದಾಗ ನೆನಪಾಯಿತು. ಕಷಾಯವನ್ನು ಯಾವತ್ತೂ ಕುಡಿಯುವ ನೀರಿನ ಬಾಟಲಿಗೆ ತುಂಬಬೇಡಿ. ಒಮ್ಮೆ ನಮ್ಮ ಮೊಮ್ಮಗ ಆಟದಿಂದ ಓಡಿ ಬಂದವನು ಬೇವಿನ ಕಷಾಯಕ್ಕೆ ಬಾಯಿ ಹಾಕೇಬಿಟ್ಟ. ಕಹಿಗೆ ಅಲ್ಲೇ ಉಗುಳಿದ, ಬಾಯಿ ತೊಳೆಸಿದೆವು, ಏನೂ ಆಗಲಿಲ್ಲ, ಆದರೆ ನನ್ನ ಕೈಕಾಲು ಒಂದು ಗಂಟೆ ನಡುಗುತ್ತಿತ್ತು. ಅವತ್ತಿನಿಂದ ಕೆಂಪು ಮುಚ್ಚಳದ ಒಂದು ಕ್ಯಾನ್ ಇಟ್ಟಿದ್ದೇವೆ, ಮೇಲಿನ ಮೊಳೆಗೆ ತೂಗುಹಾಕಿದೆ. ಏನು ತುಂಬಿದೆ, ಯಾವ ದಿನ ಮಾಡಿದ್ದು ಅಂತ ಅದರ ಮೇಲೆ ಬರೆಯುವವನು ಅವನೇ.