ಜೇವರ್ಗಿ ರಸ್ತೆಯಲ್ಲಿ ನಾನು ಹೊಸ ಕಾರು ಕಲಿತದ್ದು

ನಾನು ಜೇವರ್ಗಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಕಲಬುರಗಿಯಲ್ಲಿ. ದಿನಾ ಹೋಗಿ ಬರುವುದೆಂದರೆ ಸುಮಾರು 80 ಕಿಲೋಮೀಟರ್. ಹನ್ನೊಂದು ವರ್ಷ ಗೇರಿನ ಹಳೇ ಕಾರು ಓಡಿಸಿದೆ. ಎರಡು ವರ್ಷದ ಹಿಂದೆ ಆಟೊಮ್ಯಾಟಿಕ್ ಕಾರು ತಗೊಂಡೆವು. ಅದರಲ್ಲಿ ಚಾವಿ ತೂರಿಸುವ ಜಾಗವೇ ಇಲ್ಲ, ಬಟನ್ ಒತ್ತಿದರೆ ಚಾಲೂ. ಮುಂದೆ ಕ್ಯಾಮೆರಾ, ರಾಡಾರ್. ಅಡ್ಡ ಏನಾದರೂ ಬಂದರೆ ತಾನೇ ಬ್ರೇಕ್ ಹಾಕುತ್ತದೆ, ರಸ್ತೆಯ ಬಿಳಿ ಪಟ್ಟಿ ದಾಟಿದರೆ ತಾನೇ ಸ್ಟೀರಿಂಗ್ ಎಳೆಯುತ್ತದೆ.

ಗಾಡಿ ಕೊಡುವ ದಿನ ಶೋರೂಮಿನ ಹುಡುಗ ಇಪ್ಪತ್ತು ನಿಮಿಷದಲ್ಲಿ ಎಲ್ಲ ತೋರಿಸಿ ಮುಗಿಸಿದ. ಕೊನೆಗೆ, "ನೀವೇನ್ ಚಿಂತಿ ಮಾಡಬ್ಯಾಡ್ರಿ ಮೇಡಂ, ಎಲ್ಲಾ ಗಾಡಿನೇ ನೋಡ್ಕೋತದ" ಅಂದ. ನನಗೆ ಚಿಂತೆ ಶುರುವಾದದ್ದೇ ಆ ಮಾತಿನಿಂದ. ಗಾಡಿ ಏನು ನೋಡುತ್ತದೆ, ಏನು ನೋಡುವುದಿಲ್ಲ ಎಂದು ನನಗೆ ಗೊತ್ತಿಲ್ಲದಿದ್ದರೆ ಅದನ್ನು ನಂಬುವುದು ಹೇಗೆ?

ಹಾಗಾಗಿ ಒಂದು ನಿಯಮ ಮಾಡಿಕೊಂಡೆ. ವಾರಕ್ಕೆ ಒಂದೇ ವಿಷಯ. ಮೊದಲು ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಓದುವುದು, ಆಮೇಲೆ ಖಾಲಿ ಜಾಗದಲ್ಲಿ ಮಾಡಿ ನೋಡುವುದು, ಆಮೇಲಷ್ಟೇ ದೊಡ್ಡ ರಸ್ತೆ. ರಿಂಗ್ ರೋಡ್ ಆಚೆ ಇನ್ನೂ ಮನೆ ಕಟ್ಟದ ಒಂದು ಲೇಔಟ್ ಇದೆ. ಅಗಲ ರಸ್ತೆ, ಜನ ಇಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ತಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದೆ.

ಮೊದಲ ವಾರ ಬರೀ ಚಾಲೂ ಮಾಡುವುದು, ಬಂದ್ ಮಾಡುವುದು. ಇದಕ್ಕೆ ಒಂದು ವಾರ ಬೇಕಾ ಅಂತ ತಮ್ಮ ಕೇಳಿದ. ಬೇಕು. ಬ್ರೇಕ್ ಒತ್ತದೆ ಬಟನ್ ಒತ್ತಿದರೆ ರೇಡಿಯೊ ಮಾತ್ರ ಬರುತ್ತದೆ. ಇನ್ನೊಮ್ಮೆ ಒತ್ತಿದರೆ ಮೀಟರಿನ ದೀಪಗಳೆಲ್ಲ ಹತ್ತುತ್ತವೆ, ಎಂಜಿನ್ ಮಾತ್ರ ಚಾಲೂ ಆಗುವುದಿಲ್ಲ. ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದರೇ ಎಂಜಿನ್. ನಾನು ಮೊದಲು ದೀಪಗಳನ್ನು ಹತ್ತಿಸಿ ನೋಡುತ್ತೇನೆ. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ಕಾಯುವುದು), ಏರ್‌ಬ್ಯಾಗ್, ಸ್ಟೆಬಿಲಿಟಿ (ಗಾಡಿ ಜಾರಿ ದಾರಿ ತಪ್ಪದಂತೆ ಕಾಯುವುದು) ದೀಪಗಳು ಒಮ್ಮೆ ಹತ್ತಬೇಕು, ಎಂಜಿನ್ ಚಾಲೂ ಆದಮೇಲೆ ಆರಬೇಕು. ಹತ್ತದೇ ಇದ್ದರೂ ತಪ್ಪು, ಆರದೇ ಇದ್ದರೂ ತಪ್ಪು.

ಬಂದ್ ಮಾಡುವುದರಲ್ಲಿ ಜಾಸ್ತಿ ಅಪಾಯ ಇದೆ. ಒಂದು ಸಂಜೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಒಂದು ಅಂಗಡಿ ಮುಂದೆ ನಿಲ್ಲಿಸಿದೆ. ಬ್ರೇಕ್ ಒತ್ತಿ ನಿಂತಾಗ ಪೆಟ್ರೋಲ್ ಉಳಿಸಲು ಎಂಜಿನ್ ತಾನೇ ನಿಲ್ಲುವ ಏರ್ಪಾಡು ನಮ್ಮ ಕಾರಿನಲ್ಲಿದೆ. ಸದ್ದು ನಿಂತಿತು. ನಾನೇ ಬಂದ್ ಮಾಡಿದೆ ಅಂದುಕೊಂಡೆ. ಗೇರ್ ಇನ್ನೂ ಡಿ-ಯಲ್ಲೇ, ಅಂದರೆ ಮುಂದೆ ಓಡುವ ಸ್ಥಾನದಲ್ಲೇ ಇತ್ತು. ಚೀಲ ತೆಗೆಯಲು ತಿರುಗಿದಾಗ ಕಾಲು ಬ್ರೇಕ್ ಬಿಟ್ಟಿತು. ಎಂಜಿನ್ ಚಾಲೂ ಆಗಿ ಗಾಡಿ ಮುಂದೆ ಸರಿಯಿತು. ಮುಂದೆ ಬಾಳೆಹಣ್ಣಿನ ತಳ್ಳುಗಾಡಿ, ಅದರ ಪಕ್ಕ ಒಬ್ಬ ಹುಡುಗ. ಒಂದು ಗೇಣು ದೂರದಲ್ಲಿ ಮತ್ತೆ ಬ್ರೇಕ್ ಹಿಡಿದೆ. ಆ ಹುಡುಗನ ಮುಖ ನನಗೆ ಇನ್ನೂ ನೆನಪಿದೆ.

ಅವತ್ತಿನಿಂದ ಇಳಿಯುವ ಮುಂಚೆ ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ: "ಬ್ರೇಕ್, ಹ್ಯಾಂಡ್‌ಬ್ರೇಕ್, ಪಿ, ಬಟನ್, ಚಾವಿ." ಕಾಲಿನ ಬ್ರೇಕ್ ಹಿಡಿದೇ ಹ್ಯಾಂಡ್‌ಬ್ರೇಕ್ ಹಾಕಿ, ಆಮೇಲೆ ಪಿ, ಅಂದರೆ ಗಾಡಿ ನಿಲ್ಲಿಸಿಡುವ ಗೇರ್. ಹೀಗೆ ಮಾಡಿದರೆ ಇಳಿಜಾರಿನಲ್ಲಿ ಗಾಡಿಯ ಭಾರ ಗೇರ್‌ಬಾಕ್ಸ್ ಒಳಗಿನ ಒಂದು ಸಣ್ಣ ಕೊಂಡಿಯ ಮೇಲೆ ಬೀಳುವುದಿಲ್ಲ. ಬಟನ್ ಒತ್ತಿ ಮೀಟರ್ ಪೂರ್ತಿ ಆರಿದ್ದು ಕಣ್ಣಾರೆ ಕಂಡ ಮೇಲೆ ಇಳಿಯುವುದು. ಈ ಕಾರುಗಳ ಎಂಜಿನ್ ಸದ್ದು ಕಡಿಮೆ. ಮನೆಯ ಮುಚ್ಚಿದ ಶೆಡ್‌ನಲ್ಲಿ ಚಾಲೂ ಬಿಟ್ಟು ಒಳಗೆ ಹೋದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಬೇಸಿಗೆಯಲ್ಲಿ ರಿಮೋಟ್‌ನಿಂದಲೇ ಚಾಲೂ ಮಾಡಿ ಎಸಿ ಹಾಕುವ ಸೌಲಭ್ಯ ಇದೆ. ಮೇ ತಿಂಗಳ ಕಲಬುರಗಿ ಬಿಸಿಲಿಗೆ ಅದು ದೊಡ್ಡ ಉಪಕಾರ. ಆದರೆ ನಾನು ಬಳಸುವುದು ಗಾಡಿ ಬಯಲಲ್ಲಿ ನಿಂತು ನನ್ನ ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ.

ರಿಮೋಟಿನ ಸೆಲ್ ಸತ್ತರೆ? ಅದೂ ಆಯಿತು, ಶಾಲೆ ಬಿಟ್ಟ ಮೇಲೆ ಒಂದು ಸಂಜೆ. ರಿಮೋಟ್ ಒಳಗೆ ಒಂದು ಉಕ್ಕಿನ ಚಾವಿ ಅಡಗಿದೆ, ಅದರಿಂದ ಬಾಗಿಲು ತೆಗೆದೆ. ಆಮೇಲೆ ರಿಮೋಟನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿದೆ. ಚಾಲೂ ಆಯಿತು. ಕೆಲವು ಕಾರುಗಳಲ್ಲಿ ಅದನ್ನು ಇಡುವ ಜಾಗ ಬೇರೆ ಇರುತ್ತದೆ. ನಮ್ಮದಕ್ಕೆ ಬೇಕಾದ ಸೆಲ್ ಸಿಆರ್ 2032, ಗುಂಡನೆಯದು. ಈಗ ಒಂದು ಪರ್ಸಿನಲ್ಲೇ ಇರುತ್ತದೆ.

ಎರಡನೇ ಭಾನುವಾರ ಹೆದರಿಕೆಯ ಕೆಲಸ ಮಾಡಿದೆವು. ಓಡುವಾಗ ಎಕ್ಸಲರೇಟರ್ ಸಿಕ್ಕಿಕೊಂಡರೆ ಎಂಜಿನ್ ನಿಲ್ಲಿಸುವುದು ಹೇಗೆ? ನಮ್ಮ ಕಾರಿನಲ್ಲಿ ಬಟನ್ ಎರಡು-ಮೂರು ಸೆಕೆಂಡ್ ಒತ್ತಿ ಹಿಡಿಯಬೇಕು. ಖಾಲಿ ಲೇಔಟ್‌ನಲ್ಲಿ 20ರ ವೇಗದಲ್ಲಿ ಮಾಡಿ ನೋಡಿದೆ. ಎಂಜಿನ್ ನಿಂತಿತು. ಸ್ಟೀರಿಂಗ್ ಕಲ್ಲಿನಂತೆ ಭಾರವಾಯಿತು. ಬ್ರೇಕ್ ಒಂದೆರಡು ಸಲ ಹಗುರವಾಗಿ ಸಿಕ್ಕಿತು, ಆಮೇಲೆ ಪೆಡಲ್ ಗಟ್ಟಿಯಾಯಿತು. ಅಂದರೆ ಆ ಹೊತ್ತಿನಲ್ಲಿ ಬ್ರೇಕನ್ನು ಒತ್ತಿ ಬಿಟ್ಟು ಮಾಡಬಾರದು, ಒಂದೇ ಸಲ ಒತ್ತಿ ಹಿಡಿಯಬೇಕು. ಬರೀ ಓದಿದ್ದರೆ ಇದು ತಲೆಯಲ್ಲಿ ಮಾತ್ರ ಇರುತ್ತಿತ್ತು. ಮಾಡಿ ನೋಡಿದ್ದಕ್ಕೆ ಕೈಕಾಲಿನಲ್ಲಿದೆ.

ಮೂರನೇ ವಾರ ಎಬಿಎಸ್. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ಆದರೆ ಅದು ಕೆಲಸ ಮಾಡುವಾಗ ಹೇಗಿರುತ್ತದೆ ಅಂತ ಎಷ್ಟು ಜನರಿಗೆ ಗೊತ್ತು? ಮಳೆ ಬಿದ್ದ ಮಾರನೇ ದಿನ, 40ರ ವೇಗದಲ್ಲಿ ಬ್ರೇಕನ್ನು ಪೂರ್ತಿ ತುಳಿದೆ. ಪೆಡಲ್ ಕಾಲಿನಡಿ ಗಡಗಡ ನಡುಗಿತು, ಕೆಳಗಿಂದ ಕರಕರ ಸದ್ದು. ಗಾಬರಿಯಿಂದ ಕಾಲು ತೆಗೆದೆ. ಅದೇ ತಪ್ಪು. ಚಕ್ರ ಕಚ್ಚಿಕೊಂಡು ಜಾರದಂತೆ ಅದು ಸೆಕೆಂಡಿಗೆ ಹಲವು ಸಲ ಬ್ರೇಕ್ ಹಿಡಿದು ಬಿಡುತ್ತಿರುತ್ತದೆ. ಚಕ್ರ ಉರುಳುತ್ತಿದ್ದರೆ ಮಾತ್ರ ಸ್ಟೀರಿಂಗ್ ಮಾತು ಕೇಳುತ್ತದೆ. ಹತ್ತು ಸಲ ಮಾಡಿದ ಮೇಲೆ ನಡುಕ ಬಂದರೂ ಕಾಲು ಬಿಡದೆ, ಬ್ರೇಕ್ ಹಿಡಿದೇ ಪಕ್ಕಕ್ಕೆ ತಿರುಗಿಸುವುದು ಬಂತು.

ಸ್ಟೆಬಿಲಿಟಿ ಕಂಟ್ರೋಲ್ ನನಗೆ ತುಂಬ ಹಿಡಿಸಿದ ವ್ಯವಸ್ಥೆ. ನಾನು ಸ್ಟೀರಿಂಗ್ ಎಷ್ಟು ತಿರುಗಿಸಿದ್ದೇನೆ, ಗಾಡಿ ನಿಜವಾಗಿ ಎಷ್ಟು ತಿರುಗುತ್ತಿದೆ ಎಂದು ಅದು ಹೋಲಿಸಿ ನೋಡುತ್ತಲೇ ಇರುತ್ತದೆ. ಎರಡಕ್ಕೂ ತಾಳೆಯಾಗದಿದ್ದರೆ ಒಂದೇ ಒಂದು ಚಕ್ರಕ್ಕೆ ಬ್ರೇಕ್ ಹಾಕಿ ಗಾಡಿಯನ್ನು ದಾರಿಗೆ ತರುತ್ತದೆ. ಹಿಂಭಾಗ ಜಾರಿ ಹೊರಗೆ ಹೋಗುತ್ತಿದ್ದರೆ ಹೊರಬದಿಯ ಮುಂದಿನ ಚಕ್ರ. ಮುಂಭಾಗ ತಿರುಗದೆ ನೇರ ಹೋಗುತ್ತಿದ್ದರೆ ಒಳಬದಿಯ ಹಿಂದಿನ ಚಕ್ರ. ಎಂಜಿನ್ನಿನ ಜೋರನ್ನೂ ತಗ್ಗಿಸುತ್ತದೆ. ನಾಲ್ಕು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕಲು ಮನುಷ್ಯನ ಕಾಲಿಗೆ ಆಗುತ್ತದಾ?

ನಮ್ಮ ಕಡೆ ಇದರ ಬೆಲೆ ಗೊತ್ತಾಗುವುದು ಎರಡು ಕಾಲದಲ್ಲಿ. ಒಂದು, ಮುಂಗಾರಿನ ಮೊದಲ ಮಳೆ. ಟ್ರ್ಯಾಕ್ಟರ್ ಚಕ್ರಗಳು ಹೊಲದ ಎರೆಮಣ್ಣನ್ನು ಡಾಂಬರಿನ ಮೇಲೆ ತಂದು ಹಾಕಿರುತ್ತವೆ. ಮಳೆ ಬಿದ್ದರೆ ಅದು ಬೆಣ್ಣೆ. ಇನ್ನೊಂದು, ಡಿಸೆಂಬರ್-ಜನವರಿಯ ತೊಗರಿ ರಾಶಿ. ರಸ್ತೆಯ ಮೇಲೇ ತೊಗರಿ ಕಟ್ಟಿಗೆ ಹರಡಿರುತ್ತಾರೆ, ಗಾಡಿಗಳು ತುಳಿದು ಕಾಳು ಬಿಡಿಸಲಿ ಅಂತ. ಆ ಕಾಳಿನ ಮೇಲೆ ಬ್ರೇಕ್ ಹಾಕಿದರೆ ಗೋಲಿಯ ಮೇಲೆ ನಿಂತಂತೆ. ಕಟ್ಟಿಸಂಗಾವಿಯ ಭೀಮಾ ಸೇತುವೆ ಇನ್ನೂ ಮುಂದಿರುವಾಗ ಒಂದು ತಿರುವಿನಲ್ಲಿ ನನಗೆ ಹಾಗಾಯಿತು. ಹಿಂಭಾಗ ಸರ್ರನೆ ಜಾರಿತು, ಮೀಟರಿನಲ್ಲಿ ಹಳದಿ ದೀಪ ಮಿನುಗಿತು, ಗಾಡಿ ನೇರವಾಯಿತು. ದೀಪ ಮಿನುಗಿದರೆ ಅದು ಕೆಲಸ ಮಾಡುತ್ತಿದೆ ಎಂದು. ಹತ್ತಿಕೊಂಡೇ ಇದ್ದರೆ ಕೆಟ್ಟಿದೆ, ಇಲ್ಲವೇ ಯಾರೋ ಆಫ್ ಮಾಡಿದ್ದಾರೆ ಎಂದು. ಆದರೆ ಹಿಡಿತವನ್ನು ಅದು ಹುಟ್ಟಿಸಲಾರದು. ಟೈರ್ ಸವೆದಿದ್ದರೆ, ವೇಗ ಜಾಸ್ತಿ ಇದ್ದರೆ ಅದರ ಕೈಯಲ್ಲೂ ಏನಿಲ್ಲ.

ಅದನ್ನು ಆಫ್ ಮಾಡಬೇಕಾದ ಒಂದೇ ಸಂದರ್ಭ ನನಗೆ ಸಿಕ್ಕಿದ್ದು ಎರೆಹೊಲದ ಕೆಸರಿನಲ್ಲಿ ಹೂತಾಗ. ಚಕ್ರ ತಿರುಗಿದ ಕೂಡಲೇ ಅದು ಎಂಜಿನ್ನಿನ ಜೋರು ಇಳಿಸುತ್ತದೆ, ಗಾಡಿ ಅಲ್ಲಾಡುವುದಿಲ್ಲ. ಬಟನ್ ಒತ್ತಿ ಆಫ್ ಮಾಡಿ, ಚಕ್ರದಡಿ ಕಣಿಕೆ ಹಾಕಿ ಮೇಲೆ ಬಂದೆವು. ರಸ್ತೆಗೆ ಬಂದ ತಕ್ಷಣ ಆನ್ ಮಾಡಿದೆ.

ಇನ್ನು ಕ್ಯಾಮೆರಾ-ರಾಡಾರ್ ಸಹಾಯ. ಗಾಡಿ ಎಷ್ಟು ಕೆಲಸ ತಾನೇ ಮಾಡುತ್ತದೆ ಎಂಬುದಕ್ಕೆ ಸೊನ್ನೆಯಿಂದ 5ರವರೆಗೆ ಹಂತಗಳಿವೆ, ನಮ್ಮ ಕಾರಿನದು ಹಂತ 2. ಹಂತ 2 ಅಂದರೆ ಗಾಡಿ ಸ್ಟೀರಿಂಗ್ ಹಿಡಿದರೂ, ಬ್ರೇಕ್ ಹಾಕಿದರೂ ಓಡಿಸುತ್ತಿರುವವಳು ನಾನೇ. ಕಣ್ಣು ರಸ್ತೆಯ ಮೇಲೆ, ಕೈ ಸ್ಟೀರಿಂಗ್ ಮೇಲೆ ಇರಲೇಬೇಕು.

ಪಟ್ಟಿ ಕಾಯುವ ಸಹಾಯ ನನಗೆ ಮೊದಲು ಕಲಿಸಿದ್ದೂ ತೊಗರಿಯೇ. ಅರ್ಧ ರಸ್ತೆಗೆ ರಾಶಿ ಹಾಕಿದ್ದರು, ಪಕ್ಕದಲ್ಲಿ ಹೆಣ್ಣುಮಕ್ಕಳು ಕೂತಿದ್ದರು. ಎದುರಿಗೆ ಗಾಡಿ ಇಲ್ಲ ಅಂತ ನಾನು ಸುಮ್ನೆ ಬಲಕ್ಕೆ ಸರಿದೆ. ಸ್ಟೀರಿಂಗ್ ನನ್ನನ್ನು ಎಡಕ್ಕೆ, ರಾಶಿಯ ಕಡೆಗೇ ಎಳೆಯಿತು. ಬಿಳಿ ಪಟ್ಟಿ ದಾಟುತ್ತಿದ್ದೇನೆ ಎಂದಷ್ಟೇ ಅದಕ್ಕೆ ಗೊತ್ತು. ಕೈ ಗಟ್ಟಿ ಇದ್ದದ್ದಕ್ಕೆ ನಾನು ಹೇಳಿದ ಕಡೆಗೇ ಗಾಡಿ ಹೋಯಿತು. ಇಂಡಿಕೇಟರ್ ಹಾಕಿದ್ದರೆ ಅದು ಎಳೆಯುತ್ತಲೇ ಇರಲಿಲ್ಲ. ಈಗ ಎತ್ತಿನ ಬಂಡಿ ದಾಟುವಾಗಲೂ ಇಂಡಿಕೇಟರ್ ಹಾಕುತ್ತೇನೆ. ರಾಶಿ ಕಾಲದಲ್ಲಿ ಆ ಸಹಾಯವನ್ನು ಆಫ್ ಮಾಡಿಬಿಡುತ್ತೇನೆ. ರಸ್ತೆಯ ಬಿರುಕಿಗೆ ಟಾರು ಸುರಿದ ಕಪ್ಪು ಗೆರೆಗಳನ್ನೂ ಅದು ಒಮ್ಮೊಮ್ಮೆ ಪಟ್ಟಿ ಅಂದುಕೊಳ್ಳುತ್ತದೆ.

ನಾವು ಇಟ್ಟ ವೇಗದಲ್ಲಿ ತಾನೇ ಓಡುತ್ತ ಮುಂದಿನ ಗಾಡಿಯಿಂದ ದೂರ ಕಾಯುವ ಕ್ರೂಸ್ ಅನ್ನು ನಾನು ಬಳಸುವುದು ಹುಮನಾಬಾದ್ ಕೂಡಿದ ಮೇಲೆ ಹೈದರಾಬಾದ್ ಹೆದ್ದಾರಿಯಲ್ಲಿ ಮಾತ್ರ, ಅದೂ ಹಗಲಿನಲ್ಲಿ, ದೂರವನ್ನು ಎಲ್ಲಕ್ಕಿಂತ ಜಾಸ್ತಿಗೆ ಇಟ್ಟು. ಊರೊಳಗೆ ಎಂದೂ ಇಲ್ಲ. ಮುಂದೆ ಓಡುತ್ತಿರುವ ಗಾಡಿಯನ್ನು ಅದು ಚೆನ್ನಾಗಿ ಹಿಡಿಯುತ್ತದೆ. ನಿಂತೇ ಇರುವ ಲಾರಿ, ಅಡ್ಡ ಬರುವ ಎಮ್ಮೆ, ನಾಯಿ ಇವುಗಳನ್ನು ಹಿಡಿದೇ ಹಿಡಿಯುತ್ತದೆ ಅಂತ ಇಲ್ಲ. ಪುಸ್ತಕದಲ್ಲೇ ಬರೆದಿದ್ದಾರೆ. ನಮ್ಮ ರಸ್ತೆಯಲ್ಲಿ ಇವೇ ಅಲ್ವಾ ಜಾಸ್ತಿ?

ಕಣ್ಣು ಮುಚ್ಚಿದರೆ ಅದಕ್ಕೂ ಕಾಣುವುದಿಲ್ಲ. ದಸರೆಯ ಖಂಡೆ ಪೂಜೆ ದಿನ ಬಂಪರಿಗೆ ಬಾಳೆಕಂದು, ಚೆಂಡುಹೂವಿನ ಹಾರ ಕಟ್ಟಿ ಶರಣಬಸವೇಶ್ವರರ ಗುಡಿಗೆ ಹೊರಟೆವು. ರಾಡಾರ್ ಮುಚ್ಚಿದೆ ಎಂದು ಪರದೆಯ ಮೇಲೆ ಬಂತು. ಹಾರವನ್ನು ಬಾನೆಟ್ ಮೇಲಕ್ಕೆ ಸರಿಸಿದೆವು. ಸಂಜೆ ಆಳಂದದ ತವರಿಗೆ ಹೋಗುವಾಗ ಇಳಿಬಿಸಿಲು ನೇರ ಕ್ಯಾಮೆರಾಕ್ಕೆ ಬಡಿದು ಅದು ಕೈಬಿಡುವುದೂ ಉಂಟು. ಒಮ್ಮೆ ಲಾರಿಯಿಂದ ಕಲ್ಲು ಸಿಡಿದು ಮುಂದಿನ ಗಾಜು ಒಡೆಯಿತು. ಗಾಜು ಹಾಕಿದ ಗ್ಯಾರೇಜಿನವರು ಕ್ಯಾಮೆರಾವನ್ನು ಸುಮ್ನೆ ಅಂಟಿಸಿ ಕೊಟ್ಟರು. ಗಾಡಿ ಪಟ್ಟಿಯ ನಡುವೆ ನಿಲ್ಲದೆ ಎಡಕ್ಕೆ ಎಳೆಯತೊಡಗಿತು. ಗಾಜು ಬದಲಿಸಿದರೆ ಕ್ಯಾಮೆರಾದ ನೋಟವನ್ನು ಯಂತ್ರ ಇಟ್ಟು ಮತ್ತೆ ಹೊಂದಿಸಲೇಬೇಕು. ಬೇರೆ ಕಡೆ ಮಾಡಿಸಿ, ಹೊಂದಿಸಿದ ಚೀಟಿ ಕೇಳಿ ಪಡೆದೆ.

ಈಗ ಒಂದು ರಾತ್ರಿಯ ಮಾತು. ಶಾಲೆಯ ಕಾರ್ಯಕ್ರಮ ಮುಗಿಸಿ ಎಂಟೂವರೆಗೆ ಹೊರಟಿದ್ದೆ. ನನ್ನದೊಂದು ಲೆಕ್ಕ ಇದೆ. ಡಿಪ್ ಲೈಟಿನಲ್ಲಿ ನನಗೆ ಸರಿಯಾಗಿ ಕಾಣುವುದು 50-60 ಮೀಟರ್. 80ರ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಕಂಡು ಕಾಲು ಇಡುವಷ್ಟರಲ್ಲಿ ಅಷ್ಟು ಹೋಯಿತು, ನಿಲ್ಲಲು ಇನ್ನೂ 35 ಮೀಟರ್‌ಗೂ ಜಾಸ್ತಿ. ಸಾಲುವುದಿಲ್ಲ. 60ರಲ್ಲಿ ಆದರೆ ಎರಡೂ ಸೇರಿ 40ರ ಆಸುಪಾಸು. ಹಾಗಾಗಿ ರಾತ್ರಿ ನಾನು 60 ದಾಟುವುದಿಲ್ಲ. ಅವತ್ತು ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆಯಿತು, ಎಕ್ಸಲರೇಟರ್ ಬಿಟ್ಟೆ. ಲಾರಿ ದಾಟಿತು. ಮುಂದೆ ಕತ್ತಲಿಗಿಂತ ಕಪ್ಪಗೆ ಏನೋ ಗುಡ್ಡೆ. ಕಬ್ಬಿನ ಟ್ರಾಲಿ. ಹಿಂದೆ ಒಂದು ದೀಪ ಇಲ್ಲ, ಕಬ್ಬು ಹೊರಗೆ ಚಾಚಿತ್ತು. ಬ್ರೇಕ್ ಪೂರ್ತಿ ತುಳಿದೆ, ಪೆಡಲ್ ನಡುಗಿತು, ಕಾಲು ಬಿಡಲಿಲ್ಲ. ಆಮೇಲೆ ಬಂತು ಗಾಡಿಯ ಎಚ್ಚರಿಕೆಯ ಕಿರುಚು. ನಾಲ್ಕೈದು ಅಡಿ ಉಳಿಯಿತು.

ಟ್ರ್ಯಾಕ್ಟರಿನವನು ಇಳಿದು ಬಂದ. ನಮ್ಮ ಶಾಲೆಯ ಹುಡುಗಿಯೊಬ್ಬಳ ಅಪ್ಪ. "ದೀಪ ಹೊಲದಾಗ ಒಡದು ಹೋಗ್ಯಾವ್ರಿ ಅಕ್ಕೋರೆ, ಫ್ಯಾಕ್ಟರಿ ಪಾಳಿ ತಪ್ತದಂತ ಹಂಗೇ ಬಂದೆ" ಅಂದ. ಅವನ ಕೈ ನಡುಗುತ್ತಿತ್ತು. ನನ್ನದೂ. ನನ್ನ ಡಿಕ್ಕಿಯಲ್ಲಿದ್ದ ತ್ರಿಕೋನದ ಕೆಂಪು ಫಲಕವನ್ನು ಟ್ರಾಲಿಯ ಹಿಂದೆ ಕಟ್ಟಿ ಕಳಿಸಿದೆ.

ಮಾರನೇ ದಿನ ಕಲಬುರಗಿಯಲ್ಲಿ ಬೆಳಕಿಗೆ ಹೊಳೆಯುವ ಕೆಂಪು ಟೇಪಿನ ನಾಲ್ಕು ಸುರುಳಿ ಕೊಂಡೆ. ಒಂಬತ್ತನೇ ತರಗತಿಯ ಮಕ್ಕಳಿಗೆ ಬೆಳಕಿನ ಪ್ರತಿಫಲನದ ಪಾಠ ಮಾಡಿ, ಮನೆಯಲ್ಲಿ ಟ್ರಾಲಿ, ಬಂಡಿ ಇದ್ದವರಿಗೆ ತುಂಡು ಕತ್ತರಿಸಿ ಕೊಟ್ಟೆ. ಮೊದಲು ಧೂಳು ಒರೆಸಿ ಅಂಟಿಸಬೇಕು ಅಂತ ತೋರಿಸಿಕೊಟ್ಟೆ. ಈಗ ರಾತ್ರಿ ಬರುವಾಗ ದೂರದಲ್ಲಿ ಎರಡು ಕೆಂಪು ಗೆರೆ ಹೊಳೆದರೆ, ಇದು ಯಾರ ಮನೆಯ ಟ್ರಾಲಿ ಅಂತ ಒಮ್ಮೊಮ್ಮೆ ನನಗೇ ಗೊತ್ತಾಗುತ್ತದೆ. ಸುರುಳಿ ಮುಗಿಯುತ್ತ ಬಂದಿದೆ, ಕಬ್ಬಿನ ಕಟಾವು ಶುರುವಾಗುವ ಮುಂಚೆ ಇನ್ನೂ ನಾಲ್ಕು ತರಬೇಕು.